ಬೈಕ್ ಇಳಿದರೆ ಸೊಂಟ ನೆಟ್ಟಗಾಗಲ್ಲ: ತಪ್ಪು ಸೀಟಿನದಾ, ಗಾಡಿಯದಾ?

ಪ್ರಶ್ನೆ: ನನಗೆ 43 ವರ್ಷ, ಎತ್ತರ 5 ಅಡಿ 11 ಇಂಚು. ವಿಜಯಪುರದಲ್ಲಿ ಹನಿ ನೀರಾವರಿ ಕಂಪನಿಯೊಂದರ ಫೀಲ್ಡ್ ಕೆಲಸ. ತಿಕೋಟಾ, ಬಬಲೇಶ್ವರ, ಇಂಡಿ ಕಡೆ ದ್ರಾಕ್ಷಿ, ನಿಂಬೆ ತೋಟ ಸುತ್ತಬೇಕು. ದಿನಕ್ಕೆ ನೂರು, ನೂರಿಪ್ಪತ್ತು ಕಿ.ಮೀ. ಆಗುತ್ತದೆ. ತಿಂಗಳಿಗೊಮ್ಮೆ ಹುಬ್ಬಳ್ಳಿ ಆಫೀಸಿಗೂ ಬೈಕಿನಲ್ಲೇ ಹೋಗುತ್ತೇನೆ. ಗಾಡಿ 125 ಸಿಸಿ. ಒಂದು ಗಂಟೆ ಆಗುತ್ತಿದ್ದಂತೆ ಬಲಗಡೆ ಪಿರ್ರೆಯಲ್ಲಿ ನೋವು ಶುರುವಾಗಿ ತೊಡೆಯ ಹಿಂಭಾಗಕ್ಕೆ ಇಳಿಯುತ್ತದೆ. ಬಲಗಾಲಿನ ಮೊಣಕಾಲ ಕೆಳಗೆ ಮುಂಭಾಗ ಬಿಗಿಯುತ್ತದೆ, ಬೆರಳು ಜೋಮು ಹಿಡಿಯುತ್ತವೆ. ಇಳಿದ ಮೇಲೆ ಸೊಂಟ ನೆಟ್ಟಗಾಗಲು ಹತ್ತು ಹೆಜ್ಜೆ ಬೇಕು. ಸೀಟಿನೊಳಗೆ ಜೆಲ್ ಹಾಕಿಸಿದೆ. ಮೊದಲ ಅರ್ಧ ಗಂಟೆ ಆರಾಮ, ಆಮೇಲೆ ಅದೇ ಕಥೆ. 350 ಸಿಸಿ ಬುಲೆಟ್ ತೆಗೆದುಕೊಂಡರೆ ಸರಿಹೋಗುತ್ತಾ? ಬನದ ಹುಣ್ಣಿಮೆಗೆ ಹೆಂಡತಿಯನ್ನು ಕರೆದುಕೊಂಡು ಬನಶಂಕರಿ ಜಾತ್ರೆಗೆ ಬೈಕಿನಲ್ಲೇ ಹೋಗಬೇಕು ಅಂತಿದೆ. ಅವಳಿಗೂ ಸೊಂಟ ನೋವಿದೆ. ಏನು ಮಾಡಲಿ?

ಉತ್ತರ:

ಬುಲೆಟ್ ವಿಷಯ ಕೊನೆಗೆ ಮಾತಾಡೋಣ. ಮೊದಲು ಇದನ್ನು ಹೇಳಿ, ನಿಮ್ಮ ಪಾಕೀಟು ಎಲ್ಲಿರುತ್ತದೆ? ಪ್ಯಾಂಟಿನ ಹಿಂದಿನ ಬಲಗಡೆ ಕಿಸೆಯಲ್ಲಿ, ಅಲ್ವಾ? ಬೆಳಗಾವಿಯ ನಮ್ಮ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಯಾರಾದರೂ ಬೈಕ್ ಸವಾರರು "ಬಲಗಡೆ ಟೊಂಕ ಹಿಡದೈತ್ರಿ" ಅಂತ ಬಂದರೆ, ಮುಟ್ಟಿ ನೋಡುವ ಮೊದಲೇ ನಾನು ಕೇಳುವುದು ಇದನ್ನು. ಆಧಾರ್, ಎಟಿಎಂ ಕಾರ್ಡು, ಲೈಸೆನ್ಸ್, ಆರ್‌ಸಿ, ಬಂಕಿನ ಚೀಟಿ, ದೇವರ ಫೋಟೊ ಎಲ್ಲ ಸೇರಿ ಎರಡು ಬೆರಳು ದಪ್ಪ ಇರುತ್ತದೆ. ಅದರ ಮೇಲೆ ಕೂತು ನೂರು ಕಿ.ಮೀ. ಹೋದರೆ ಸೊಂಟದ ಒಂದು ಪಕ್ಕ ಮೇಲೆ, ಇನ್ನೊಂದು ಪಕ್ಕ ಕೆಳಗೆ. ಬೆನ್ನುಮೂಳೆ ಅಷ್ಟು ಹೊತ್ತೂ ವಾಲಿಕೊಂಡೇ ಇರುತ್ತದೆ. ಇನ್ನೂ ಒಂದಿದೆ. ಪಿರ್ರೆಯ ಒಳಗೆ ಪಿರಿಫಾರ್ಮಿಸ್ ಎಂಬ ಸಣ್ಣ ಸ್ನಾಯು ಇದೆ. ಸೊಂಟದಿಂದ ಕಾಲಿಗೆ ಇಳಿಯುವ ದಪ್ಪ ನರ, ಅಂದರೆ ಸಯಾಟಿಕ್ ನರ, ಹೆಚ್ಚಿನವರಲ್ಲಿ ಈ ಸ್ನಾಯುವಿನ ಅಡಿಯಲ್ಲೇ ಹಾದು ಹೋಗುತ್ತದೆ. ಪಾಕೀಟು ಒತ್ತುವುದು ಆ ಜಾಗವನ್ನೇ. ನೋವು ತೊಡೆಯ ಹಿಂಭಾಗಕ್ಕೆ ಇಳಿಯುತ್ತದೆ ಅಂದಿದ್ದೀರಲ್ಲ, ಅದಕ್ಕೆ ಇದೊಂದೇ ಸಾಕಾಗಬಹುದು. ಇವತ್ತೇ ಅದನ್ನು ಶರ್ಟಿನ ಕಿಸೆಗೋ ಬ್ಯಾಗಿಗೋ ಹಾಕಿ. ಲೈಸೆನ್ಸು, ಆರ್‌ಸಿ ಡಿಜಿಲಾಕರ್‌ನಲ್ಲಿ ತೋರಿಸಿದರೂ ನಡೆಯುತ್ತದೆ, ಹೊತ್ತು ತಿರುಗಬೇಕಿಲ್ಲ. ಮೊಬೈಲನ್ನೂ ಹಿಂದಿನ ಕಿಸೆಗೆ ತುರುಕಬೇಡಿ.

ಪಾಕೀಟು ಅಲ್ಲಿ ಇಲ್ಲವೇ ಇಲ್ಲ ಅಂದರೆ ಮುಂದೆ ಓದಿ. ಇದ್ದರೂ ಓದಿ, ಯಾಕೆಂದರೆ ನಿಮ್ಮದು ಒಂದೇ ತೊಂದರೆ ಅಲ್ಲ. ಪಿರ್ರೆಯದು ಬೇರೆ, ಮೊಣಕಾಲ ಕೆಳಗಿನದು ಬೇರೆ, ಇಳಿದಾಗ ಸೊಂಟ ನೆಟ್ಟಗಾಗದ್ದು ಬೇರೆ. ಮೂರಕ್ಕೂ ಸೀಟೇ ಕಾರಣ ಅಂದುಕೊಂಡು ಸೀಟಿಗೆ ದುಡ್ಡು ಸುರಿದಿದ್ದೀರಿ.

ನನ್ನ ಪ್ರಕಾರ ಸೀಟು ಮೆತ್ತಗಿದೆಯೋ ಗಟ್ಟಿಯಿದೆಯೋ ಅನ್ನುವುದಕ್ಕಿಂತ, ಸೀಟಿಗೂ ಫುಟ್‌ರೆಸ್ಟಿಗೂ ಎಷ್ಟು ದೂರ ಇದೆ ಅನ್ನುವುದು ದೊಡ್ಡ ಪ್ರಶ್ನೆ. ಹೀಗೆ ಮಾಡಿ. ಗಾಡಿಗೆ ಸೆಂಟರ್ ಸ್ಟ್ಯಾಂಡ್ ಹಾಕಿ, ದಿನಾ ಕೂರುವ ಹಾಗೇ ಕೂತುಕೊಳ್ಳಿ. ಮನೆಯವರ ಕೈಯಲ್ಲಿ ಪಕ್ಕದಿಂದ ಒಂದು ಫೋಟೊ ತೆಗೆಸಿ. ಸುಮ್ನೆ ನೆಟ್ಟಗೆ ಕೂತು ಪೋಸ್ ಕೊಡಬೇಡಿ, ತೋಟದಿಂದ ವಾಪಸ್ ಬರುವಾಗ ಹೇಗಿರುತ್ತೀರೋ ಹಾಗಿರಿ. ಫೋಟೊದಲ್ಲಿ ನಿಮ್ಮ ಮೊಣಕಾಲು ಸೊಂಟದ ಕೀಲಿಗಿಂತ ಸ್ವಲ್ಪವಾದರೂ ಕೆಳಗಿರಬೇಕು. ಸಮ ಇದ್ದರೆ, ಅಥವಾ ಮೇಲೆ ಎದ್ದಿದ್ದರೆ, ನಿಮ್ಮ ಎತ್ತರಕ್ಕೆ ಆ ಗಾಡಿ ಗಿಡ್ಡ.

ಹಾಗೆ ಮಡಚಿ ಕೂತರೆ ಒಳಗೆ ಏನಾಗುತ್ತದೆ? ಸೊಂಟದ ಬೆನ್ನುಮೂಳೆಯಿಂದ ಹೊರಟು ಹೊಟ್ಟೆಯ ಒಳಗಿಂದ ಬಂದು ತೊಡೆಯ ಮೂಳೆಗೆ ಅಂಟಿಕೊಳ್ಳುವ ಒಂದು ಗಟ್ಟಿ ಸ್ನಾಯು ಇದೆ. ಸೋವಾಸ್ ಅಂತ ಹೆಸರು. ತೊಡೆಯನ್ನು ಮೇಲೆತ್ತುವುದು ಅದರ ಕೆಲಸ. ಗಂಟೆಗಟ್ಟಲೆ ಮಡಚಿ ಕೂತಾಗ ಅದು ಗಿಡ್ಡವಾಗಿಯೇ ಇರುತ್ತದೆ. ನೀವು ಇಳಿದು ಎದ್ದು ನಿಂತ ತಕ್ಷಣ ಅದು ಉದ್ದ ಆಗಬೇಕು. ಆಗುವುದಿಲ್ಲ. ಬೆನ್ನುಮೂಳೆಯನ್ನೇ ಮುಂದಕ್ಕೆ ಎಳೆಯುತ್ತದೆ. ನೀವು ಹೇಳಿದ ಆ ಹತ್ತು ಬಾಗಿದ ಹೆಜ್ಜೆ ಅಂದರೆ ಇದೇ. ಜೊತೆಗೆ, ಮೊಣಕಾಲು ಮೇಲಿದ್ದಾಗ ಸೊಂಟದ ಎಲುಬುಗೂಡು ಹಿಂದಕ್ಕೆ ಉರುಳುತ್ತದೆ. ಕೆಳಬೆನ್ನಿನಲ್ಲಿ ಸಹಜವಾಗಿ ಇರುವ ಒಳಬಾಗು ಚಪ್ಪಟೆಯಾಗುತ್ತದೆ, ಡಿಸ್ಕಿನ ಮೇಲೆ, ಅಂದರೆ ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆಯ ಮೇಲೆ, ಒತ್ತಡ ಜಾಸ್ತಿಯಾಗುತ್ತದೆ. ಹಂಪ್ ಹಾರಿದಾಗ ಆ ಪೆಟ್ಟೆಲ್ಲ ಬಂದು ಬೀಳುವುದು ಅಲ್ಲಿಗೇ.

ಜೆಲ್ ಯಾಕೆ ಅರ್ಧ ಗಂಟೆ ಮಾತ್ರ ಸುಖ ಕೊಟ್ಟಿತು ಅಂತ ಈಗ ತಿಳಿಯುತ್ತದೆ. ನಾವು ಕೂರುವುದು ಪಿರ್ರೆಯ ಅಡಿಯ ಎರಡು ಗುಂಡು ಮೂಳೆಗಳ ಮೇಲೆ. ಮೆತ್ತನೆ ಸೀಟಿನಲ್ಲಿ ಮೊದಲು ಭಾರ ಹರಡಿಕೊಳ್ಳುತ್ತದೆ, ಹಾಯ್ ಅನಿಸುತ್ತದೆ. ನಿಧಾನವಾಗಿ ಮೂಳೆ ಇಳಿದು ಅಡಿಯ ಪ್ಲಾಸ್ಟಿಕ್ ತಟ್ಟೆಯ ಹತ್ತಿರ ಹೋಗುತ್ತದೆ. ನೀವು ಒಂದು ಇಂಚು ಕೆಳಗೆ ಇಳಿದಿರಿ ಅಂದರೆ ಸೀಟಿಗೂ ಫುಟ್‌ರೆಸ್ಟಿಗೂ ಇದ್ದ ದೂರ ಇನ್ನೂ ಒಂದು ಇಂಚು ಕಮ್ಮಿ ಆಯಿತು! ಕಾಲು ಇನ್ನೂ ಜಾಸ್ತಿ ಮಡಚಿತು. ಅದೂ ಅಲ್ಲದೆ ನಮ್ಮ ಬಿಸಿಲಿಗೆ ಜೆಲ್ ಕಾದು ಕೂತರೆ ತಣಿಯಲು ತುಂಬ ಹೊತ್ತು ಬೇಕು. ಏಪ್ರಿಲ್‌ನಲ್ಲಿ ತೋಟದ ಬದುವಿನ ಮೇಲೆ ಗಾಡಿ ನಿಲ್ಲಿಸಿ ಬಂದು ಕೂತವರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ಸೀಟನ್ನು ಬಿಚ್ಚಿಕೊಂಡು ಕುಶನ್ ಹೊಲಿಯುವವರ ಹತ್ತಿರ ಹೋಗಿ. ಜೆಲ್ ತೆಗೆಸಿ. ಗಟ್ಟಿ ಫೋಮ್ ಹಾಕಿ ಒಂದು, ಒಂದೂವರೆ ಇಂಚು ಎತ್ತರ ಮಾಡಿಸಿ. ಅಂಗಡಿಯವರು "ಸಾಫ್ಟ್ ಹಾಕತೀನ್ರಿ ಸರ್, ಮೆತ್ತಗ ಇರತೈತಿ" ಅಂದೇ ಅನ್ನುತ್ತಾರೆ. ಬೇಡ ಅನ್ನಿ. ಹೆಬ್ಬೆರಳಿನಿಂದ ಒತ್ತಿದರೆ ಸ್ವಲ್ಪ ತಗ್ಗಬೇಕು, ಬಿಟ್ಟ ತಕ್ಷಣ ಮೇಲೆ ಬರಬೇಕು, ಅಂಥದ್ದು ಸಾಕು. ಕೂರುವ ಜಾಗ ಮಟ್ಟಸ ಇರಲಿ. ಟ್ಯಾಂಕಿನ ಕಡೆ ಇಳಿಜಾರಾಗಿದ್ದರೆ ನೀವು ದಾರಿಯುದ್ದಕ್ಕೂ ಮುಂದೆ ಜಾರಿ, ಕಾಲೊತ್ತಿ ಹಿಂದೆ ಹೋಗಿ, ಮತ್ತೆ ಜಾರಿ ದಣಿಯುತ್ತೀರಿ. ಮುಂಭಾಗದ ಅಂಚುಗಳನ್ನು ಮಾತ್ರ ಸ್ವಲ್ಪ ಕಿರಿದು ಮಾಡಿಸಿ, ತೊಡೆ ಅಗಲ ಆಗದ ಹಾಗೆ. ಮೊಣಕಾಲು ಹೊರಗೆ ಚಾಚಿ ಕೂರುವವರಲ್ಲಿ ಪಿರ್ರೆಯ ಒಳಗಿನ ಅದೇ ಪಿರಿಫಾರ್ಮಿಸ್ ಬಿಗಿಯುವುದು ಜಾಸ್ತಿ. ಮೊಣಕಾಲು ಟ್ಯಾಂಕಿಗೆ ಹಗುರಾಗಿ ತಾಗಿರಲಿ. ಗಾಡಿ ನಿಲ್ಲಿಸಿದಾಗ ಎರಡೂ ಪಾದ ನೆಲಕ್ಕೆ ಚೆನ್ನಾಗಿ ಊರುತ್ತವಾ ನೋಡಿಕೊಳ್ಳಿ. ನಿಮ್ಮ ಎತ್ತರಕ್ಕೆ ಅದು ಕಷ್ಟ ಆಗಲಾರದು. ಸೀಟು ಎತ್ತರಿಸುವ ಬದಲು ಫುಟ್‌ರೆಸ್ಟನ್ನೇ ಕೆಳಗೆ ವೆಲ್ಡ್ ಮಾಡಿಸುವವರೂ ಇದ್ದಾರೆ. ಆ ಕೆಲಸಕ್ಕೆ ಕೈ ಹಾಕಬೇಡಿ. ತಿರುವಿನಲ್ಲಿ ನೆಲಕ್ಕೆ ತಾಗುತ್ತದೆ, ಗೇರು ಮತ್ತು ಬ್ರೇಕಿನ ಲೆಕ್ಕ ತಪ್ಪುತ್ತದೆ, ವೆಲ್ಡ್ ಬಿಟ್ಟರೆ ಕಾಲು ಹೋಗುತ್ತದೆ.

ಈಗ ಬಲಗಾಲು. ನಿಮ್ಮ ಪತ್ರದಲ್ಲಿ ನನಗೆ ಹಿಡಿಸಿದ ವಿಷಯ ಇದು. ಬಿಗಿತ, ಜೋಮು ಎರಡೂ ಬಲಗಾಲಿಗೆ ಮಾತ್ರ. ಎಡಗಾಲಿಗೆ ಯಾಕಿಲ್ಲ? ಎಡಗಾಲು ಗೇರು ಹಾಕುತ್ತದೆ, ತೆಗೆಯುತ್ತದೆ, ಅಲುಗುತ್ತಾ ಇರುತ್ತದೆ. ಬಲಗಾಲು ಬ್ರೇಕ್ ಪೆಡಲಿನ ಮೇಲೆ, ತಾಗದ ಹಾಗೆ, ಬೆರಳೆತ್ತಿಕೊಂಡು ಕಾಯುತ್ತಾ ಇರುತ್ತದೆ. ಅದರಲ್ಲೂ ಈಗ ಕಬ್ಬಿನ ಕಾಲ. ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಮುಂದಿದ್ದರೆ ಬಲಗಾಲು ಪೆಡಲ್ ಬಿಟ್ಟು ಕದಲುವುದೇ ಇಲ್ಲ. ಬೆರಳನ್ನು ಮೇಲೆತ್ತಿ ಹಿಡಿಯುವ ಸ್ನಾಯು ಇರುವುದು ಮೊಣಕಾಲ ಕೆಳಗೆ, ಮುಂಭಾಗದಲ್ಲಿ. ನಿಮಗೆ ಬಿಗಿಯುತ್ತದೆ ಅಂದ ಜಾಗ ಅದೇ. ಪೆಡಲ್ ಎತ್ತರ ಇದ್ದಷ್ಟೂ ಬೆರಳು ಜಾಸ್ತಿ ಎತ್ತಬೇಕು.

ಫುಟ್‌ರೆಸ್ಟಿನ ಮೇಲೆ ಪಾದವನ್ನು ಸಹಜವಾಗಿ ಇಟ್ಟರೆ ಬೂಟಿನ ತುದಿ ಪೆಡಲಿಗಿಂತ ಕೂದಲೆಳೆಯಷ್ಟು ಮೇಲಿರಬೇಕು, ಹಿಮ್ಮಡಿ ಎತ್ತದೆ, ಬೆರಳು ಎತ್ತದೆ. ಹಾಗಿಲ್ಲದಿದ್ದರೆ ಮೆಕ್ಯಾನಿಕ್ ಹತ್ತಿರ ಪೆಡಲ್ ಇಳಿಸಿಕೊಡಿ ಅನ್ನಿ. ಹೆಚ್ಚಿನ ಗಾಡಿಗಳಲ್ಲಿ ಇದಕ್ಕೆ ಬೋಲ್ಟ್ ಇರುತ್ತದೆ, ಐದು ನಿಮಿಷದ ಕೆಲಸ. ಆದರೆ ಪೆಡಲ್ ಇಳಿಸಿದ ಮೇಲೆ ಬ್ರೇಕಿನ ಪ್ಲೇ (ಬ್ರೇಕ್ ಹಿಡಿಯುವ ಮೊದಲು ಪೆಡಲಿಗಿರುವ ಸಡಿಲ) ಮತ್ತು ಬ್ರೇಕ್ ಲೈಟ್ ಎರಡನ್ನೂ ಮತ್ತೆ ಸೆಟ್ ಮಾಡಿಸಿಕೊಂಡೇ ಗಾಡಿ ಹತ್ತಿ. ಪಾದ ಊರುವ ರೀತಿಯನ್ನೂ ಗಮನಿಸಿ. ರಸ್ತೆ ಖಾಲಿ ಇದ್ದಾಗ ಪಾದದ ನಡುಭಾಗವನ್ನು ಫುಟ್‌ರೆಸ್ಟಿನ ಮೇಲಿಟ್ಟು ಬೆರಳನ್ನು ಪೆಡಲಿನ ಪಕ್ಕಕ್ಕೆ ಸರಿಸಿ ಇಳಿಬಿಡಿ. ಊರು ಬಂತು ಅನ್ನುವಾಗ ವಾಪಸ್ ಪೆಡಲ್ ಮೇಲೆ ತನ್ನಿ. ಫುಟ್‌ರೆಸ್ಟಿನ ರಬ್ಬರ್ ಸವೆದಿದ್ದರೆ ಬದಲಿಸಿ, ಇಂಜಿನ್ನಿನ ನಡುಕ ನೇರವಾಗಿ ಅಂಗಾಲಿಗೆ ಬರುತ್ತದೆ. ಚಪ್ಪಲಿ ಬಿಟ್ಟು ದಪ್ಪ ಅಟ್ಟೆಯ ಶೂ ಹಾಕಿ. ಲೇಸು ಪಾದದ ಮೇಲ್ಭಾಗದಲ್ಲಿ ಬಿಗಿಯಾದರೂ ಬೆರಳು ಜೋಮು ಹಿಡಿಯುತ್ತವೆ.

ಟೈರಿನ ಗಾಳಿ, ಶಾಕ್‌ಅಪ್ ಬಗ್ಗೆ ಎರಡೇ ಮಾತು. ಗಾಳಿ ಎಷ್ಟಿರಬೇಕು ಅಂತ ಚೈನ್ ಕವರಿನ ಹತ್ತಿರದ ಸ್ಟಿಕ್ಕರಿನಲ್ಲೋ ಪುಸ್ತಕದಲ್ಲೋ ಇದೆ, ಅಷ್ಟೇ ಹಾಕಿಸಿ. ಬಂಕಿನ ಹುಡುಗ ಅಂದಾಜಿನ ಮೇಲೆ ಗಟ್ಟಿ ಮಾಡಿ ಕಳಿಸಿದರೆ ಪ್ರತಿ ಕಲ್ಲೂ ಸೊಂಟಕ್ಕೆ ಗೊತ್ತಾಗುತ್ತದೆ. ಹಿಂದಿನ ಶಾಕ್‌ಅಪ್ಪಿನಲ್ಲಿ ಸ್ಪ್ರಿಂಗಿನ ಬಿಗಿ ಹೆಚ್ಚು ಕಮ್ಮಿ ಮಾಡುವ ಮೆಟ್ಟಿಲನ್ನು ಒಬ್ಬರೇ ಹೋಗುವಾಗ ಕೆಳಗೆ, ಹೆಂಡತಿ ಮತ್ತು ಸಾಮಾನು ಇದ್ದಾಗ ಮೇಲೆ ಇಡಿ.

ಇನ್ನು ನಿಲ್ಲುವ ವಿಷಯ. ದಾರಿಯಲ್ಲಿ ನೀವೂ ನಿಲ್ಲುತ್ತೀರಿ, ಎಲ್ಲರೂ ನಿಲ್ಲುತ್ತಾರೆ. ಆದರೆ ನಿಂತು ಏನು ಮಾಡುತ್ತೀರಿ? ಹೋಟೆಲಿಗೆ ಹೋಗಿ ಕುರ್ಚಿ ಎಳೆದು ಕೂರುತ್ತೀರಿ! ಸೊಂಟದ ಕೀಲಿಗೆ ಬೈಕಿನ ಸೀಟೂ ಅಷ್ಟೇ, ಹೋಟೆಲಿನ ಕುರ್ಚಿಯೂ ಅಷ್ಟೇ. ಮಡಚಿದ್ದು ಮಡಚಿದ ಹಾಗೇ ಇರುತ್ತದೆ. ಮಿರ್ಚಿ ಬಜ್ಜಿ ತಿಂದು, ಚಹಾ ಕುಡಿದು, ಇಪ್ಪತ್ತು ನಿಮಿಷ ಕಳೆದು ಎದ್ದಾಗ "ಇಷ್ಟು ಹೊತ್ತು ರೆಸ್ಟ್ ತಗೊಂಡರೂ ನೋವು ಹೋಗಿಲ್ಲ" ಅನಿಸುತ್ತದೆ. ದಯವಿಟ್ಟು ಚಹಾ ನಿಂತು ಕುಡಿಯಿರಿ. ಕೊಲ್ಹಾರದಲ್ಲಿ ಮೊಸರು ತಿನ್ನದೆ ಮುಂದೆ ಹೋಗುವುದು ಯಾರಿಂದಲೂ ಆಗುವುದಿಲ್ಲ, ಆ ಕುಡಿಕೆಯನ್ನೂ ನಿಂತೇ ಖಾಲಿ ಮಾಡಿ. ಕೂತು ಊಟ ಮಾಡಲೇಬೇಕು ಅಂದರೆ ಊಟಕ್ಕೆ ಮೊದಲು ಐದು ನಿಮಿಷ ನಡೆಯಿರಿ.

ಎಷ್ಟು ಹೊತ್ತಿಗೊಮ್ಮೆ? ಮುಕ್ಕಾಲು ಗಂಟೆಯಿಂದ ಒಂದು ಗಂಟೆಗೊಮ್ಮೆ, ನೋವಿರಲಿ ಇಲ್ಲದಿರಲಿ. ನಿಮಗೆ ಒಂದು ಗಂಟೆಗೆ ಶುರುವಾಗುವುದರಿಂದ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ನೋವು ಬಂದ ಮೇಲೆ ನಿಂತರೆ ಅದು ಪೂರ್ತಿ ಇಳಿಯಲು ಬೇಕಾಗುವಷ್ಟು ಹೊತ್ತು ರಸ್ತೆ ಪಕ್ಕ ಯಾರೂ ನಿಲ್ಲುವುದಿಲ್ಲ. ಹುಬ್ಬಳ್ಳಿ ದಾರಿಯಲ್ಲಿ ಕೊಲ್ಹಾರ, ಗದ್ದನಕೇರಿ ಕ್ರಾಸ್, ಕುಳಗೇರಿ ಕ್ರಾಸ್, ನರಗುಂದ, ನವಲಗುಂದ ಅಂತ ಮನಸ್ಸಿನಲ್ಲೇ ಗುರುತು ಹಾಕಿಕೊಳ್ಳಿ. ನರಗುಂದದಿಂದ ಮುಂದೆ ಎರಡೂ ಕಡೆ ಎರೆ ಹೊಲ, ರಸ್ತೆ ನೆಟ್ಟಗೆ. ಇನ್ನೇನು ಹುಬ್ಬಳ್ಳಿ ಬಂತು ಅಂತ ಎಳೆದುಕೊಂಡು ಹೋಗುವುದು ಇಲ್ಲೇ. ತಿರುವಿಲ್ಲದ ರಸ್ತೆಯಲ್ಲಿ ಮೈ ಅಲುಗುವುದಿಲ್ಲ, ಹಾಗಾಗಿ ಅದೇ ಜಾಸ್ತಿ ಹಿಡಿಯುತ್ತದೆ.

ನಿಂತಾಗ ಮೊದಲು ಹೆಲ್ಮೆಟ್ ತೆಗೆದು ಎರಡು ನಿಮಿಷ ಸುಮ್ನೆ ನಡೆಯಿರಿ. ಆಮೇಲೆ ಕೈಗಳನ್ನು ಸೊಂಟದ ಹಿಂದೆ ಇಟ್ಟು ನಿಧಾನವಾಗಿ ಐದಾರು ಸಲ ಹಿಂದಕ್ಕೆ ಬಾಗಿ. ಆಮೇಲಿನದು ಸೋವಾಸ್‌ಗೆ. ಎಡಗಾಲು ಒಂದು ದೊಡ್ಡ ಹೆಜ್ಜೆ ಮುಂದೆ, ಮೊಣಕಾಲು ಬಾಗಿರಲಿ. ಬಲಗಾಲು ಹಿಂದೆ ಚಾಚಿರಲಿ, ಹಿಮ್ಮಡಿ ಎದ್ದರೂ ಪರವಾಗಿಲ್ಲ. ಈಗ ಬಲ ಪಿರ್ರೆಯನ್ನು ಬಿಗಿ ಮಾಡಿ. ಎಳೆತ ಬಲತೊಡೆಯ ಬುಡದಲ್ಲಿ, ಮುಂಭಾಗದಲ್ಲಿ ಗೊತ್ತಾಗಬೇಕು. ಎಲ್ಲರೂ ಇಲ್ಲಿ ಎಡವುತ್ತಾರೆ: ಪಿರ್ರೆ ಬಿಗಿ ಮಾಡುವ ಬದಲು ಹೊಟ್ಟೆ ಮುಂದೆ ಹಾಕಿ ಸೊಂಟ ಬಳುಕಿಸುತ್ತಾರೆ. ಆಗ ಎಳೆತ ಕೆಳಬೆನ್ನಿಗೆ ಬರುತ್ತದೆ, ಸ್ನಾಯು ಹಾಗೇ ಉಳಿಯುತ್ತದೆ. ಹೊಟ್ಟೆ ಒಳಗಿರಲಿ, ಎದೆ ನೆಟ್ಟಗಿರಲಿ. ಇಪ್ಪತ್ತರಿಂದ ಮೂವತ್ತು ಸೆಕೆಂಡು, ಉಸಿರು ಕಟ್ಟಬೇಡಿ. ಕಾಲು ಬದಲಿಸಿ ಇನ್ನೊಂದು ಸಲ.

ಪಿರ್ರೆಗೆ, ಸೇತುವೆ ಕಟ್ಟೆಯ ಮೇಲೆ ಕೂತು ಬಲಗಾಲಿನ ಹರಡನ್ನು ಎಡ ಮೊಣಕಾಲಿನ ಮೇಲಿಡಿ. ಬೆನ್ನು ನೆಟ್ಟಗಿಟ್ಟು ಮುಂದಕ್ಕೆ ಬಾಗಿ. ಬಲ ಪಿರ್ರೆಯ ಆಳದಲ್ಲಿ ಎಳೆಯುತ್ತದೆ, ನಿಮ್ಮ ನೋವಿನ ಜಾಗದಲ್ಲೇ. ಚುಚ್ಚಿದ ಹಾಗೆ ಕಾಲಿಗೆ ಇಳಿದರೆ ಬಿಟ್ಟುಬಿಡಿ. ಕೊನೆಗೆ ಗಾಡಿ ಹಿಡಿದು ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ಇಪ್ಪತ್ತು ಸಲ. ಕಾಲಿನ ರಕ್ತವನ್ನು ಮೇಲೆ ತಳ್ಳುವ ಪಂಪು ಮೀನಖಂಡವೇ. ಓಡಾಡುವವರು ನೋಡುತ್ತಾರೆ ಅಂತ ನಾಚಿಕೆ ಬೇಡ.

ಗಾಡಿಯ ಮೇಲಿದ್ದಾಗಲೂ ಅಲುಗಬಹುದು. ಆಗಾಗ ಒಂದೆರಡು ಇಂಚು ಹಿಂದೆ ಸರಿದು ಕೂತುಕೊಳ್ಳಿ, ಮತ್ತೆ ಮುಂದೆ. ಹಳ್ಳಿಗೊಂದರ ಹಾಗೆ ಹಂಪ್ ಇದ್ದೇ ಇವೆ. ವೇಗ ಇಳಿಸಿ, ಸೀಟಿನಿಂದ ಎರಡು ಇಂಚು ಎದ್ದು, ಭಾರವನ್ನು ಪಾದಗಳ ಮೇಲೆ ಹಾಕಿ ದಾಟಿ. ಬೆನ್ನಿಗೆ ಪೆಟ್ಟು ತಪ್ಪುತ್ತದೆ, ಕೀಲೂ ಬಿಚ್ಚಿಕೊಳ್ಳುತ್ತದೆ. ಕಾಲು ಚಾಚಲು ಅಂತ ಲೆಗ್ ಗಾರ್ಡಿನ ಮೇಲೆ ಪಾದ ಇಟ್ಟು ಹೋಗುವವರನ್ನು ನೋಡಿರುತ್ತೀರಿ. ಕಾಲಿಗೆ ಆರಾಮ ನಿಜ. ಆದರೆ ನಾಯಿಯೋ ಕುರಿಮಂದೆಯೋ ಅಡ್ಡ ಬಂದಾಗ ಪಾದ ಪೆಡಲಿಗೆ ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ನಾನು ಒಪ್ಪುವುದಿಲ್ಲ.

ಕ್ಯಾಟಲಾಗು, ಸ್ಯಾಂಪಲ್ ಪೈಪಿನ ತುಂಡು ಎಲ್ಲ ತುಂಬಿದ ಬ್ಯಾಗನ್ನು ಬೆನ್ನಿಗೆ ಹಾಕಿಕೊಂಡು ಹೋಗುತ್ತೀರಾ? ಆ ಭಾರವೂ ಪಿರ್ರೆಯ ಮೂಳೆಯ ಮೇಲೇ ಬರುತ್ತದೆ. ಹಿಂದಿನ ಸೀಟಿಗೆ ಕಟ್ಟಿ. ಬೆಲ್ಟು ಬಿಗಿಯಾಗಿ, ಅದರ ಮೇಲೆ ಹೊಟ್ಟೆ ಇಳಿಬಿದ್ದಿದ್ದರೆ ತೊಡೆಯ ಹೊರಮೈ ಉರಿಯುವುದು, ಮರಗಟ್ಟುವುದು ಉಂಟು. ಅಲ್ಲಿಯ ಚರ್ಮಕ್ಕೆ ಹೋಗುವ ನರ ತೊಡೆಸಂದಿನ ಪಕ್ಕದಲ್ಲಿ ಸಿಕ್ಕಿಕೊಳ್ಳುತ್ತದೆ. ನಿಮಗೆ ಅದಿಲ್ಲ, ಓದುವ ಬೇರೆಯವರಿಗೆ ಇರಬಹುದು ಅಂತ ಹೇಳಿದೆ. ಬೆಲ್ಟು ಒಂದು ತೂತು ಸಡಿಲ ಮಾಡಿ ನೋಡಿ. ನೀರು ಕುಡಿಯದೆ ಹೋದರೆ ಮೀನಖಂಡ ಸೆಳೆಯುತ್ತದೆ. ಮೂತ್ರಕ್ಕೆ ನಿಲ್ಲಬೇಕಾಗುತ್ತದೆ ಅಂತ ನೀರು ಬಿಡುವವರೇ ಜಾಸ್ತಿ. ನಿಲ್ಲಬೇಕಾಗಲಿ ಬಿಡಿ, ನಿಲ್ಲಬೇಕು ಅಂತ ತಾನೇ ನಾನೂ ಹೇಳುತ್ತಿರುವುದು.

ಹುಬ್ಬಳ್ಳಿಗೆ ಹೋಗಿ ಅದೇ ದಿನ ವಾಪಸ್ ಬರುವವರಿಗೆ ಇನ್ನೊಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 4 ಗಂಟೆ ಮತ್ತು ಅದಕ್ಕಿಂತ ಜಾಸ್ತಿ ಹೊತ್ತು ಅಲುಗದೆ ಕೂತು ಪ್ರಯಾಣ ಮಾಡಿದರೆ ಕಾಲಿನ ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು ಎರಡು ಪಟ್ಟಾಗುತ್ತದೆ. ಹೆದರಬೇಡಿ, ಎರಡು ಪಟ್ಟಾದ ಮೇಲೂ ಅದು 6,000 ಜನರಲ್ಲಿ ಒಬ್ಬರಿಗೆ ಅನ್ನುವಷ್ಟೇ. ಆದರೆ ಪ್ರಯಾಣದ ನಂತರ ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಒತ್ತಿದರೆ ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಿಸಿಕೊಳ್ಳಬೇಡಿ. ನಮ್ಮ ಕಡೆ ಮೊದಲು ಮಾಡುವುದೇ ಅದನ್ನು. ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಬಹುದು. ಅವತ್ತೇ ಡಾಕ್ಟರ ಹತ್ತಿರ ಹೋಗಿ. ಉಸಿರು ಹತ್ತಿದರೆ, ಎದೆ ನೋವು ಬಂದರೆ ನೇರ ಆಸ್ಪತ್ರೆಗೆ.

ಮನೆಯಲ್ಲಿ ಮಾಡುವ ವ್ಯಾಯಾಮ ಮೂರೇ ಸಾಕು. ಅಂಗಾತ ಮಲಗಿ, ಮೊಣಕಾಲು ಮಡಚಿ, ಪಿರ್ರೆ ಬಿಗಿ ಮಾಡಿ ಸೊಂಟ ಎತ್ತುವುದು. ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ನೆಟ್ಟಗೆ, ಸ್ವಲ್ಪ ಹಿಂದಕ್ಕೆ ಎತ್ತುವುದು. ಆಮೇಲೆ ಬಸ್ಕಿ, ಪೂರ್ತಿ ಕೂರದೆ ಕುರ್ಚಿಯ ಎತ್ತರದ ತನಕ. ಹತ್ತು ಹದಿನೈದು ಸಲ, ಎರಡೆರಡು ಸುತ್ತು, ವಾರಕ್ಕೆ ನಾಲ್ಕು ದಿನ. ಪಿರ್ರೆಯ ಸ್ನಾಯು ಸೋತರೆ ಅದರ ಕೆಲಸವನ್ನು ಕೆಳಬೆನ್ನು ಮಾಡಬೇಕಾಗುತ್ತದೆ. ಆರರಿಂದ ಎಂಟು ವಾರ ಬಿಡದೆ ಮಾಡಿದರೆ ವ್ಯತ್ಯಾಸ ಗೊತ್ತಾಗುತ್ತದೆ, ಎಂಟು ದಿನಕ್ಕೆ ಅಲ್ಲ.

ನಿಮ್ಮ ಮನೆಯವರ ವಿಷಯ. ಅವರು ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂರುತ್ತಾರೆ ಅಂದುಕೊಂಡಿದ್ದೇನೆ. ಹಾಗೆ ಕೂತಾಗ ಸೊಂಟ ಎಡಕ್ಕೆ, ಎದೆ ಮುಂದಕ್ಕೆ. ಬೆನ್ನುಮೂಳೆ ತಿರುಚಿಕೊಂಡಿರುತ್ತದೆ, ಭಾರ ಒಂದೇ ಪಿರ್ರೆಯ ಮೇಲೆ, ಒಂದು ಕಾಲು ನೇತಾಡುತ್ತಿರುತ್ತದೆ. ನಿಮ್ಮ ಹಾಗೆ ಹ್ಯಾಂಡಲ್ ಕೂಡ ಇಲ್ಲ, ಪ್ರತಿ ಹಂಪಿಗೂ ಬೀಳದ ಹಾಗೆ ಮೈಯೆಲ್ಲ ಬಿಗಿ ಹಿಡಿಯಬೇಕು. ಊರೊಳಗೆ ಮಾರ್ಕೆಟ್ಟಿಗೆ ಹೋಗಿ ಬರುವುದು ಬೇರೆ, ಕೆರೂರು ದಾಟಿ ಬಾದಾಮಿಗೆ ಹೋಗುವುದು ಬೇರೆ. ಚೂಡಿದಾರ್ ಹಾಕಿಕೊಂಡು ಎರಡೂ ಕಡೆ ಕಾಲು ಹಾಕಿ ಕೂರಲಿ, ಗುಡಿಯ ಹತ್ತಿರ ಹೋಗಿ ಸೀರೆ ಉಡಬಹುದು. ಅತ್ತೆ ಮಾವ ಏನಂದಾರು ಅನ್ನುವ ಮಾತು ಇದ್ದರೆ ಡಾಕ್ಟರು ಹೇಳಿದ್ದಾರೆ ಅನ್ನಿ. ಹಾಗೆ ಕೂರಲು ಆಗುವುದೇ ಇಲ್ಲ ಅಂದರೆ ಅರ್ಧ ಗಂಟೆಗೊಮ್ಮೆ ಇಳಿಸಿ ನಡೆಸಿ. ಅವರ ನೋವು ದಿನವೂ ಇರುವಂಥದ್ದಾಗಿದ್ದರೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ. ಜಾತ್ರೆಗೆ ಹೆಚ್ಚಿನ ಬಸ್ ಬಿಡುತ್ತಾರೆ.

ಇಷ್ಟೆಲ್ಲ ಹೇಳಿದ್ದು ಗಾಡಿ ಇಳಿದ ಮೇಲೆ ಒಂದೆರಡು ಗಂಟೆಯಲ್ಲಿ ಹೋಗುವ ನೋವಿಗೆ. ಕೆಲವನ್ನು ಹಾಗೆ ಬಿಡುವಂತಿಲ್ಲ. ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ ನಡೆದು ನೋಡಿ. ಬಲಪಾದದ ಬೆರಳು ಮೇಲೇಳದೆ ಸೋಲುತ್ತಿದ್ದರೆ ನರಕ್ಕೆ ಒತ್ತಡ ಬಿದ್ದಿದೆ, ತಡ ಮಾಡಬೇಡಿ. ಕೆಮ್ಮಿದರೆ, ಸೀನಿದರೆ ಕಾಲಿಗೆ ಮಿಂಚು ಹೊಡೆದ ಹಾಗೆ ಆಗುವುದು, ನೋವು ಮೊಣಕಾಲು ದಾಟಿ ಪಾದಕ್ಕೆ ಇಳಿಯುವುದು ಡಿಸ್ಕಿನ ಲಕ್ಷಣ. ತೊಡೆಗಳ ನಡುವೆ, ಗುದದ ಸುತ್ತ ಮರಗಟ್ಟಿ ಮೂತ್ರ ಹಿಡಿತ ತಪ್ಪಿದರೆ, ಅಥವಾ ಬಾರದೆ ಕಟ್ಟಿಕೊಂಡರೆ, ಅದು ರಾತ್ರೋರಾತ್ರಿ ಆಸ್ಪತ್ರೆಗೆ ಓಡುವ ವಿಷಯ. ಎರಡೂ ಪಾದ ಜೋಮು ಹಿಡಿಯುತ್ತಿದ್ದರೆ ಬೈಕನ್ನು ಬೈಯುವ ಮೊದಲು ಶುಗರ್ ಪರೀಕ್ಷೆ ಮಾಡಿಸಿ. ನೋವು ಪಿರ್ರೆಯಲ್ಲಲ್ಲ, ತೊಡೆಸಂದಿನಲ್ಲಿ, ಚಕ್ಕಳಮಕ್ಕಳ ಹಾಕಿ ಕೂರಲು ಆಗುತ್ತಿಲ್ಲ, ನಡೆಯುವಾಗ ಕುಂಟುತ್ತಿದ್ದೀರಿ ಅಂದರೆ ಸೊಂಟದ ಕೀಲನ್ನೇ ನೋಡಬೇಕು. ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡವರಲ್ಲಿ, ಕುಡಿತ ಜಾಸ್ತಿ ಇರುವವರಲ್ಲಿ ಆ ಕೀಲಿನಲ್ಲಿ ಕೂರುವ ತೊಡೆಮೂಳೆಯ ಗುಂಡನೆ ತಲೆಗೆ ರಕ್ತ ಹೋಗದೆ ಮೂಳೆ ಸಾಯುವ ಕಾಯಿಲೆ ನಿಮ್ಮ ವಯಸ್ಸಿನಲ್ಲೇ ಬರಬಹುದು. ಶುರುವಿನಲ್ಲಿ ಎಕ್ಸ್‌ರೇ ಚೆನ್ನಾಗಿಯೇ ಕಾಣುತ್ತದೆ, ಎಂಆರ್‌ಐನಲ್ಲಿ ಮಾತ್ರ ಸಿಗುತ್ತದೆ.

ಇನ್ನು ಬುಲೆಟ್. ಕೂರುವ ಭಂಗಿ ನೆಟ್ಟಗೆ, ಸೀಟು ಅಗಲ, ಎತ್ತರದವರಿಗೆ ಒಗ್ಗುತ್ತದೆ ನಿಜ. ಆದರೆ ಬುಲೆಟ್ 350 ತೂಕ 195 ಕೆ.ಜಿ. ಹತ್ತಿರ. ನಿಮ್ಮ ಈಗಿನ ಗಾಡಿ ಅದಕ್ಕಿಂತ ತುಂಬ ಹಗುರ. ನಿಮ್ಮದು ಬರೀ ಹೈವೇ ಸವಾರಿ ಅಲ್ಲ. ಮಳೆಗಾಲದಲ್ಲಿ ಎರೆ ಮಣ್ಣಿನ ತೋಟದ ದಾರಿಯಲ್ಲಿ ಗಾಡಿ ಹಿಂದಕ್ಕೆ ತಳ್ಳಬೇಕು, ಬದುವಿನ ಮೇಲೆ ತಿರುಗಿಸಬೇಕು. ನೋವಿರುವ ಸೊಂಟ ಉಳುಕುವುದು ಹೆಚ್ಚಾಗಿ ಓಡಿಸುವಾಗ ಅಲ್ಲ, ಹೀಗೆ ತಳ್ಳುವಾಗ. ಪಾಕೀಟು, ಪೆಡಲು, ಸೀಟಿನ ಎತ್ತರ, ನಿಂತು ಕುಡಿಯುವ ಚಹಾ ಇವನ್ನು ಮೊದಲು ಎರಡು ತಿಂಗಳು ಮಾಡಿ ನೋಡಿ. ಆಮೇಲೂ ಬೇಕು ಅನಿಸಿದರೆ ಶೋರೂಮಿಗೆ ಟೇಪು ತೆಗೆದುಕೊಂಡು ಹೋಗಿ. ಸೀಟಿನ ತಗ್ಗಾದ ಜಾಗದಿಂದ ಫುಟ್‌ರೆಸ್ಟಿನ ತನಕ ಅಳೆಯಿರಿ, ಈಗಿನ ಗಾಡಿಯದ್ದನ್ನೂ ಅಳೆದುಕೊಂಡು ಹೋಗಿರಿ. ಎರಡಕ್ಕೂ ಒಂದಿಂಚಿನ ವ್ಯತ್ಯಾಸವೂ ಇಲ್ಲದಿದ್ದರೆ ಅಷ್ಟು ದುಡ್ಡು ಕೊಟ್ಟು ಸೊಂಟಕ್ಕೆ ಏನೂ ಸಿಗುವುದಿಲ್ಲ. ಜಾಸ್ತಿ ಬಂದರೆ, ಶೋರೂಮಿನವರು ಕೊಡುವ ಎರಡು ಸುತ್ತಿಗೆ ಮರುಳಾಗದೆ, ಗೆಳೆಯರ ಗಾಡಿ ಕೇಳಿ ಒಂದೂವರೆ ಗಂಟೆ ಓಡಿಸಿ ನೋಡಿ. ನಿಮಗೆ ನೋವು ಶುರುವಾಗುವುದೇ ಒಂದು ಗಂಟೆಯ ಮೇಲೆ.